ಬಾಯಲ್ಲಿ ಏಲಕ್ಕಿ ಇರುವ ತನಕ

ಕಳೆದ ತಿಂಗಳು ಒಂದು ಬೆಳಿಗ್ಗೆ ಸರ್ ಅಜ್ಜನ ಮಗಳ ಫೋನ್ ಬಂತು. ನಾನು ಲ್ಯಾಬಿನ ಎದುರು ಕಾರು ನಿಲ್ಲಿಸುತ್ತಿದ್ದೆ. 'ಅಪ್ಪ...' ಅಂದವಳು ಅಲ್ಲಿಗೇ ನಿಂತಳು. ನಾನು ಐದಾರು ವರ್ಷದ ಹಿಂದಿನವಳೇ ಆಗಿದ್ದರೆ 'ಏನಾಯ್ತು? ಅಡ್ಮಿಟ್ ಮಾಡಿದಾರಾ? ಟಿಕೆಟ್ ಬುಕ್ ಮಾಡ್ಲಾ?' ಎಂದು ಅವಳ ಬಾಯಿಂದ ಮಾತು ಕಿತ್ತುಕೊಂಡು ನಾನೇ ಮುಗಿಸಿಬಿಡುತ್ತಿದ್ದೆ. ಅವತ್ತು ಸುಮ್ಮನಿದ್ದೆ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ತಾನಾಗಿಯೇ ಹೇಳಿದಳು. ನಮಗಿಲ್ಲಿ ಅಮೆರಿಕದಲ್ಲಿ ನಡುರಾತ್ರಿಯಾಗಿದ್ದಾಗ, ಧಾರವಾಡದ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲವಂತೆ. ಕೊನೆಗೆ ಅಂದಳು: 'ನೀವು ಸುಮ್ನ ಕೇಳಿದ್ರಿ ನೋಡ್ರಿ, ಛಲೋ ಆತು. ಮುಂಜಾನಿಂದ ಯಾರೂ ನನಗ ಹೇಳಲಿಕ್ಕೇ ಬಿಟ್ಟಿಲ್ಲ.'

ಹಾಗೆ ಸುಮ್ಮನಿರುವುದನ್ನು ನನಗೆ ಕಲಿಸಿದವರು ಅವಳಪ್ಪನೇ. ಪೂರ್ತಿ ಕಲಿಸಿದರು ಎಂದು ಹೇಳಲಾರೆ, ನಾನು ಅಷ್ಟು ಒಳ್ಳೆಯ ವಿದ್ಯಾರ್ಥಿನಿಯಲ್ಲ.

ನಮ್ಮ ಸ್ಯಾನ್ ಡಿಯೇಗೋದ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳು ಅವರನ್ನು 'ಸರ್ ಅಜ್ಜ' ಎನ್ನುತ್ತಿದ್ದರು. ಬರೀ ಸರ್ ಎನ್ನಲು ಬಹಳ ವಯಸ್ಸಾಗಿತ್ತು, ಬರೀ ಅಜ್ಜ ಎನ್ನಲು ಬಹಳ ಪ್ರಶ್ನೆ ಕೇಳುತ್ತಿದ್ದರು. ಎತ್ತರದ ಆಳು. ಊರಿನ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುವ ಜನವರಿಯಲ್ಲಿ ಇವರ ತಲೆಗೆ ಮಂಕಿ ಕ್ಯಾಪ್. ಮೊಮ್ಮಗನ ಶಾಲೆಯ ಈಜು ತಂಡದವರು ಪೋಷಕರಿಗೆಂದು ಮಾಡಿಸಿದ ನೀಲಿ ಜಾಕೆಟ್ಟು ಸದಾ ಮೈಮೇಲೆ. ಬೆನ್ನಿಗೆ ದೊಡ್ಡದೊಂದು ಡಾಲ್ಫಿನ್ ಇತ್ತು. ಕೈ ಹಿಂದೆ ಕಟ್ಟಿ ನಡೆಯುವಾಗ ಡಾಲ್ಫಿನ್ನಿನ ಬಾಲ ಹಿಡಿದುಕೊಂಡ ಹಾಗೇ ಕಾಣುತ್ತಿದ್ದರು.

ಧಾರವಾಡದ ಒಂದು ಬಿ.ಎಡ್. ಕಾಲೇಜಿನಲ್ಲಿ ಜೀವಮಾನವಿಡೀ ಶಿಕ್ಷಣದ ತತ್ವಶಾಸ್ತ್ರ ಹೇಳಿಕೊಟ್ಟವರು. ಅಂದರೆ ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ಮೇಷ್ಟ್ರುಗಳಿಗೆ ಕಲಿಸುವ ಮೇಷ್ಟ್ರು. ತಾವು ಮಾತ್ರ ಒಂದು ಮಗುವಿಗೂ ಒಂದು ದಿನವೂ ಪಾಠ ಮಾಡಿದವರಲ್ಲ. ಇದನ್ನು ಅವರು ಮುಚ್ಚಿಡುತ್ತಿರಲಿಲ್ಲ. 'ದಂಡಿ ಮ್ಯಾಲೆ ನಿಂತು ಈಜೂದು ಹೆಂಗ ಅಂತ ಹೇಳಾಂವ್ರಿ ನಾ. ನೀರಿಗೆ ಇಳಿದಾಂವಲ್ಲ,' ಎಂದು ತಾವೇ ನಗುತ್ತಿದ್ದರು.

ನೀರಿಗೆ ಇಳಿಸಿದ್ದು ಕರೋನ. ೨೦೨೦ರ ಆರಂಭದಲ್ಲಿ ಆರು ತಿಂಗಳಿಗೆಂದು ಮಗಳ ಮನೆಗೆ ಬಂದರು, ವಿಮಾನಗಳು ನಿಂತವು, ಇಲ್ಲೇ ಉಳಿದರು. ಅದೇ ಹೊತ್ತಿಗೆ ನಮ್ಮ ಕನ್ನಡ ಕ್ಲಾಸು ಜೂಮಿಗೆ ಹೋಗಿ, ಅಲ್ಲಿಯವರೆಗೆ ಪಾಠ ಮಾಡುತ್ತಿದ್ದ ತಾಯಿಯೊಬ್ಬರು 'ಮನೆಯ ಇಬ್ಬರಿಗೇ ನನ್ನ ಕೈಲಿ ಆಗ್ತಿಲ್ಲ' ಎಂದು ಕೈಯೆತ್ತಿದ್ದರು. ಇವರು ತಾವಾಗಿಯೇ ಫೋನ್ ಮಾಡಿದರು. 'ಮುಂಜಾನೆದ್ದರ ಅಳಿಯ ಒಂದು ಖೋಲ್ಯಾಗ ಮೀಟಿಂಗ್, ಮಗಳು ಒಂದು ಖೋಲ್ಯಾಗ ಮೀಟಿಂಗ್, ಮೊಮ್ಮಗ ಅಡಗಿಮನ್ಯಾಗ ಮೀಟಿಂಗ್. ನನಗೂ ಒಂದು ಮೀಟಿಂಗ್ ಕೊಡ್ರಿ.'

ಕೊಟ್ಟೆವು. ಸ್ಕ್ರೀನ್ ಶೇರ್ ಮಾಡುವುದಕ್ಕೆ, ಮ್ಯೂಟ್ ತೆಗೆಯುವುದಕ್ಕೆ ಜೊತೆಗೊಬ್ಬರು ಬೇಕಿತ್ತು. ನನಗೆ ಮಕ್ಕಳಿಲ್ಲ, ಆದ್ದರಿಂದ ನನಗೆ ಭಾನುವಾರ ಕೆಲಸವೂ ಇಲ್ಲ ಎಂದು ಕನ್ನಡ ಸಂಘದವರು ತೀರ್ಮಾನಿಸಿದರು. ನಾನು ಮೈಸೂರಿನವಳು, ಇದೇ ಊರಿನ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಜೀವಕೋಶ ಬೆಳೆಸುವವಳು. ಪಿಎಚ್.ಡಿ. ಆಗಿದೆ ಎಂದು ತಿಳಿದ ಕ್ಷಣದಿಂದ ಅವರಿಗೆ ನಾನು 'ಡಾಕ್ಟರ್ ಬಾಯಾರು', ಅಂದರೆ ಅವರ ಕಡೆಯ ಮೇಡಂ. ಮೂಗಿನ ತುದಿಯಲ್ಲಿ ಸಿಟ್ಟು, ನಾಲಿಗೆಯ ತುದಿಯಲ್ಲಿ ಉತ್ತರ, ಇವೆರಡೂ ನನಗೆ ಹುಟ್ಟಿನಿಂದ ಬಂದವು.

ಮೊದಲ ಕ್ಲಾಸು ನೆನೆದರೆ ಈಗಲೂ ನಗು ಬರುತ್ತದೆ. ಮಂಕಿ ಕ್ಯಾಪಿನ ಸರ್ ಅಜ್ಜ ಮೊಮ್ಮಗನ ನೋಟ್ಸಿನ ಹಾಳೆಯ ಮೇಲೆ ತಾವೇ ಬರೆದುಕೊಂಡಿದ್ದ 'ಶಿಕ್ಷಣದ ಗುರಿಗಳು' ಎಂಬ ಉಪನ್ಯಾಸ ಶುರು ಮಾಡಿದರು. ವ್ಯಕ್ತಿತ್ವ ವಿಕಾಸ, ಸಾಮಾಜಿಕ ಹೊಂದಾಣಿಕೆ, ಸ್ವಾತಂತ್ರ್ಯ ಮತ್ತು ಶಿಸ್ತಿನ ಸಂಬಂಧ. ಎದುರಿಗೆ ಎಂಟರಿಂದ ಹತ್ತು ವರ್ಷದ ಮಕ್ಕಳು. ಒಬ್ಬ ಹುಡುಗ ನಾಯಿಮರಿಯನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದಿದ್ದ. ಇನ್ನೊಬ್ಬ ಹಾಲಿಗೆ ಸೀರಿಯಲ್ ಸುರಿದುಕೊಂಡು ತಿನ್ನುತ್ತಿದ್ದ. ಮತ್ತೊಬ್ಬಳು ಪರದೆಯ ಮೇಲಿನ ತನ್ನ ಹೆಸರನ್ನು 'ರಾಣಿ' ಎಂದು ಬದಲಿಸಿಕೊಂಡು, ಆಮೇಲೆ 'ಟೊಮ್ಯಾಟೊ' ಎಂದು ಬದಲಿಸಿಕೊಂಡಳು. ಸರ್ ಅಜ್ಜ ಮಾತ್ರ ಸ್ವಾತಂತ್ರ್ಯದಿಂದ ಶಿಸ್ತಿಗೆ ಹೋಗುತ್ತಲೇ ಇದ್ದರು.

ಒಬ್ಬಳು ಮಾತ್ರ ಅಲ್ಲಾಡದೆ ಕೂತಿದ್ದಳು. ನಮ್ಮ ಸಂಘದ ಅಧ್ಯಕ್ಷರ ಮಗಳು ಇಶಾನಿ. ಕೆಂಪು ಹೇರ್‌ಬ್ಯಾಂಡು, ನೆಟ್ಟ ನೋಟ, ತುಟಿಯಲ್ಲಿ ಸಣ್ಣ ನಗು. 'ನೋಡ್ರಿ, ಎಷ್ಟು ಲಕ್ಷ್ಯ ಕೊಟ್ಟು ಕೂತಾಳ ಹುಡುಗಿ! ಕಣ್ಣು ಸೈತ ಮಿಟುಕ್ಸವಲ್ಲಳು!' ಎಂದು ಸರ್ ಅಜ್ಜ ಹೊಗಳಿದರು. ಮುಂದಿನ ವಾರವೂ ಹೊಗಳಿದರು. ಅದರ ಮುಂದಿನ ವಾರ ಅವಳ ಅಪ್ಪನಿಗೇ ಫೋನ್ ಮಾಡಿ, ಇಷ್ಟು ಏಕಾಗ್ರತೆಯ ಮಗುವನ್ನು ತಾವು ಕಂಡೇ ಇಲ್ಲ ಎಂದರು. ಅದೇನೋ ನಿಜ, ಅವರು ಕಂಡೇ ಇರಲಿಲ್ಲ. ಅದು ಅವಳ ಫೋಟೋ. ಹುಡುಗಿ ತನ್ನದೇ ಚಿತ್ರವನ್ನು ಹಿನ್ನೆಲೆಗೆ ಹಾಕಿ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿ ಹಿತ್ತಲಲ್ಲಿ ಸೈಕಲ್ ಹೊಡೆಯುತ್ತಿದ್ದಳು. ವಾರ ವಾರವೂ ಅದೇ ಹೇರ್‌ಬ್ಯಾಂಡಿನ ಕೆಳಗೆ ಅದೇ ಕೂದಲೆಳೆ ಅದೇ ಕಡೆ ಎದ್ದು ನಿಂತಿದ್ದನ್ನು ನೋಡಿ ನಾನು ಪತ್ತೆ ಮಾಡಿದೆ.

ಬೇಜಾರಾಗಬಹುದು ಅಂದುಕೊಂಡೇ ಹೇಳಿದೆ. ಆ ಮನುಷ್ಯ ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, 'ನನಗೂ ಅದನ್ನ ಮಾಡೂದು ಕಲಿಸ್ರಿ,' ಅಂದರು.

ಮುಂದಿನ ಭಾನುವಾರ ಮಕ್ಕಳೆಲ್ಲ ಬಂದರೆ ಪರದೆಯ ಮೇಲೆ ಸರ್ ಅಜ್ಜನ ಫೋಟೋ. ಮಂಕಿ ಕ್ಯಾಪು, ಅರ್ಧ ತೆರೆದ ಬಾಯಿ. ಅವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ನನಗೂ ಬಾಯಿ ಬಿಡದಂತೆ ತಾಕೀತು ಆಗಿತ್ತು. ಮಕ್ಕಳು ಸ್ವಲ್ಪ ಹೊತ್ತು ಕಾದವು. 'ಹಿ ಈಸ್ ಫ್ರೋಜನ್,' ಎಂದು ನಾಯಿಮರಿಯ ಹುಡುಗ ಘೋಷಿಸಿದ. ಫೋನ್ ಮಾಡೋಣವೇ, ಅವರಿಗೆ ಇಂಗ್ಲಿಷ್ ಅರ್ಥವಾಗುತ್ತದೆಯೇ, ಇಲ್ಲ, ಕನ್ನಡದಲ್ಲೇ ಹೇಳಬೇಕು, ಯಾರಿಗೆ ಬರುತ್ತದೆ ಎಂದು ಗಲಾಟೆ ಎದ್ದಿತು. ಆಗ ಅಲ್ಲಿಯವರೆಗೆ ಒಂದಕ್ಷರವನ್ನೂ ಆಡದಿದ್ದ ಇಶಾನಿ ಗಲಾಟೆ ಕೇಳಿ ಓಡಿಬಂದು, ಸ್ಟಿಕ್ಕರ್ ಕಿತ್ತು ಮುಖ ತೋರಿಸಿ, ಕಿವುಡರಿಗೆ ಹೇಳುವ ಹಾಗೆ ಕೂಗಿದಳು: 'ಸರ್ ಅಜ್ಜಾ! ನಿಮ್ಮ ಇಂಟರ್ನೆಟ್ ಸತ್ತು ಹೋಗಿದೆ! ನೀವು ಅಲ್ಲಾಡ್ತಾ ಇಲ್ಲ! ನೀರು ಕುಡೀರಿ!'

ನೀರು ಯಾಕೆ ಕುಡಿಯಬೇಕಿತ್ತೋ ಗೊತ್ತಿಲ್ಲ. ಆದರೆ ಅದು ಪೂರ್ತಿ ಕನ್ನಡ.

ಆ ಸಂಜೆ ಸರ್ ಅಜ್ಜ ನನಗೆ ಫೋನ್ ಮಾಡಿದರು. ನಗು ಇರಲಿಲ್ಲ. 'ಡಾಕ್ಟರ್ ಬಾಯಾರ, ಮಗುವಿಗೆ ತಾನ ಕಲೀಲಿಕ್ಕೆ ಜಾಗಾ ಬಿಡಬೇಕು ಅಂತ ಮೂವತ್ತು ವರ್ಷ ಪಾಠ ಹೇಳೀನಿ. ಹೇಳಿ ಹೇಳಿ ಆ ಜಾಗಾ ಎಲ್ಲಾ ನಾನ ತುಂಬಿಬಿಟ್ಟಿದ್ದೆ ನೋಡ್ರಿ. ನಾ ಇಲ್ಲ ಅಂದ ಕೂಡಲೆ ಅವು ಮಾತಾಡಿದ್ವು.'

ವಾರ ವಾರವೂ ಫೋಟೋ ಆಗಿ ಕೂರಲು ಬರುವುದಿಲ್ಲ. ಅದಕ್ಕೇ ಏಲಕ್ಕಿ ಬಂತು. ಅವರ ಜೇಬಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಒಂದಾನೊಂದು ಕಾಲಕ್ಕೆ ಅಡಿಕೆ ತಂಬಾಕಿನದು, ಡಾಕ್ಟರು ಬೈದ ಮೇಲೆ ಏಲಕ್ಕಿಯದು. ಹೊಸ ನಿಯಮ ಹೀಗೆ: ಪ್ರಶ್ನೆ ಕೇಳುವುದು, ಒಂದು ಏಲಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವುದು, ಅದು ಬಾಯಲ್ಲಿರುವ ತನಕ ಮೇಷ್ಟ್ರು ಮಾತಾಡುವಂತಿಲ್ಲ. ಅಗಿಯುವಂತೆಯೂ ಇಲ್ಲ. 'ಉತ್ತರ ಗೊತ್ತಿದ್ದಾಂವ ಸುಮ್ನ ಕೂಡೂದೇ ಕಲಿಸೂದು,' ಎಂದು ಅವರ ವ್ಯಾಖ್ಯಾನ.

ನನಗೆ ಅದು ಚಿತ್ರಹಿಂಸೆ. ಒಂದು ಮಗು 'ನಾನು ನಿನ್ನೆ... ನಾನು ನಿನ್ನೆ...' ಎಂದು ಒದ್ದಾಡುವಾಗ 'ಹೋಗಿದ್ದೆ' ಎಂದು ಕೊಟ್ಟುಬಿಟ್ಟರೆ ಯಾರ ಗಂಟು ಹೋಗುತ್ತದೆ? ಒಮ್ಮೆ ಕೊಟ್ಟೂಬಿಟ್ಟೆ. ಸರ್ ಅಜ್ಜ ಏಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಪರದೆಯೊಳಗಿಂದಲೇ ನನ್ನನ್ನು ದುರುಗುಟ್ಟಿ ನೋಡಿದರು. ಕ್ಲಾಸು ಮುಗಿದ ಮೇಲೆ ವಿಚಾರಣೆ.

'ಬಾಯಾರ, ನಿಮ್ಮ ಲ್ಯಾಬಿನಾಗ ಆ ಸೆಲ್ಲು ಬೆಳೀಲಿಕ್ಕೆ ಎಷ್ಟು ದಿನ ಬೇಕು?'

'ಮೂರು ದಿನ, ನಾಲ್ಕು ದಿನ. ಒಂದೊಂದು ಸಲ ವಾರ.'

'ನಡುವ ಮುಚ್ಚಳ ತಗದು ನೀವ ಜಗ್ಗಿ ಉದ್ದ ಮಾಡ್ತೀರೇನು?'

'ಅದು ಹೇಗೆ ಆಗತ್ತೆ ಸರ್?'

'ಹಂಗಾದರ ಒಂದು ಡಬ್ಬಿಗೆ ವಾರ ಕಾಯೋರು ಒಂದು ಮಗೂಗ ಒಂದು ಯಾಲಕ್ಕಿ ಹೊತ್ತು ಕಾಯಂಗಿಲ್ಲೇನು?'

ಸಿಟ್ಟು ಬಂತು, ಲ್ಯಾಪ್‌ಟಾಪ್ ಮುಚ್ಚಿದೆ. ಅಂದಿನಿಂದ ಕ್ಲಾಸಿನಲ್ಲಿ ನನಗೂ ಒಂದು ಏಲಕ್ಕಿ ಕಡ್ಡಾಯ ಮಾಡಿದರು. ನಾನು ಕದ್ದು ಅಗಿದು ನುಂಗಿಬಿಡುತ್ತಿದ್ದೆ.

ಜೂಮಿನಲ್ಲಿ ಮನೆಮನೆಯ ಸಂಗತಿಗಳೂ ಕಿವಿಗೆ ಬೀಳುತ್ತಿದ್ದವು. ಅಧ್ಯಕ್ಷರದ್ದು ದೊಡ್ಡ ಗಂಟಲು. ಬೆಂಗಳೂರಿನವರು, ಟೆಲಿಕಾಂ ಎಂಜಿನಿಯರ್, ಕನ್ನಡದ ಬಗ್ಗೆ ಭಾಷಣಕ್ಕೆ ನಿಂತರೆ ಮೈಕಿನ ಅಗತ್ಯವಿಲ್ಲ. ಮಗಳ ಜೊತೆ ಮಾತ್ರ 'ಸ್ವೀಟಿ, ಡಿಡ್ ಯು ಫಿನಿಶ್ ಯುವರ್ ಹೋಂವರ್ಕ್?' ಎಂದು ಶುರುವಾಗುತ್ತಿತ್ತು. ಇಲ್ಲ ಎಂದು ತಿಳಿದ ಕೂಡಲೇ 'ಎಷ್ಟು ಸಲ ಬಡ್ಕೋಬೇಕೇ ನಿಂಗೆ? ಕತ್ತೆ ವಯಸ್ಸಾಯ್ತು, ಬುದ್ಧಿ ಬೇಡ್ವಾ?' ಎಂದು ಮುಗಿಯುತ್ತಿತ್ತು. ಇಶಾನಿ ಮ್ಯೂಟ್ ಮಾಡುವುದರೊಳಗೆ ಅಷ್ಟೂ ನಮಗೆ ತಲುಪಿರುತ್ತಿತ್ತು. 'ಕನ್ನಡ ಭಾಳ ಸ್ವಚ್ಛ ಅದ,' ಎಂದು ಸರ್ ಅಜ್ಜ ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಲಾಕ್‌ಡೌನ್ ಮುಗಿದು ಬಾಗಿಲುಗಳು ತೆರೆದ ಮೇಲೆ ಕ್ಲಾಸು ಲೈಬ್ರರಿಯ ಒಂದು ಕೋಣೆಗೆ ಬಂತು. ಬಂದದ್ದಷ್ಟೇ, ಸರ್ ಅಜ್ಜ ಕೋಣೆಯೊಳಗೆ ಇದ್ದದ್ದು ಕಡಿಮೆ. ಎದುರಿಗೆ ಇರುವುದೇ ಪಾಠ ಎನ್ನುವುದು ಅವರ ಎರಡನೆಯ ತತ್ವ. ಬೇಸಿಗೆ ರಜೆಯ ಒಂದು ಶುಕ್ರವಾರ ಮಕ್ಕಳನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋಗೋಣ ಎಂದರು. ನಾನು ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಡ್ರೈವ್ ಮಾಡಿದೆ. ಸಮುದ್ರದವರೆಗೆ ಹೋಗಲೇ ಇಲ್ಲ. ಕಾರು ನಿಲ್ಲಿಸಿದ ಕಂಬದ ಮೇಲೆ ಒಂದರ ಕೆಳಗೊಂದು ಮೂರು ಪಾರ್ಕಿಂಗ್ ಬೋರ್ಡುಗಳಿದ್ದವು. ಅವರು ಅದರ ಕೆಳಗೆ ನಿಂತರು.

'ಇದು ನನಗ ತಿಳೀವಲ್ದು. ಯಾರರೆ ಕನ್ನಡದಾಗ ಹೇಳ್ರಿ.' ಏಲಕ್ಕಿ ಬಾಯಿಗೆ ಹೋಯಿತು.

'ನಾವು ಇಲ್ಲಿ ನಿಲ್ಲಬಹುದು,' ಎಂದ ನಾಯಿಮರಿಯ ಹುಡುಗ. ಎರಡನೆಯ ಬೋರ್ಡು ಓದಿ, 'ಆದರೆ ನಿಲ್ಲಬಾರದು,' ಎಂದ.

'ಬೆಳಿಗ್ಗೆ ನಿಲ್ಲಬಹುದು. ಕಸ ಗುಡಿಸೋ ಲಾರಿ ಬರೋವಾಗ ನಿಲ್ಲಬಾರದು,' ಎಂದಳು ಇಶಾನಿ. 'ಆಮೇಲೆ, ಪರ್ಮಿಟ್... ಪರ್ಮಿಟ್ ಅಂದ್ರೆ...' ಎಲ್ಲರೂ ಅದಕ್ಕೆ ಕನ್ನಡ ಹುಡುಕಿದರು. ಬಹಳ ಹೊತ್ತಾದ ಮೇಲೆ ಒಬ್ಬಳು ಹುಡುಗಿ ಹೇಳಿದಳು: 'ದೊಡ್ಡವರು ಹೂಂ ಅಂದಿರೋ ಕಾಗದ!'

ಸರ್ ಅಜ್ಜನಿಗೆ ಕುಣಿಯುವಷ್ಟು ಖುಷಿ. ಆ ಖುಷಿಯಲ್ಲಿ ನಾವ್ಯಾರೂ ಬೆನ್ನ ಹಿಂದೆ ನೋಡಲಿಲ್ಲ. ಅಲ್ಲಿ ಒಬ್ಬ ಅಧಿಕಾರಿ ಬಂದು ನನ್ನ ಕಾರಿನ ಗಾಜಿಗೆ ದೊಡ್ಡವರು ಊಹೂಂ ಅಂದಿರುವ ಕಾಗದ ಸಿಕ್ಕಿಸಿ ಹೋಗಿದ್ದ. ನಿಲ್ಲಬಾರದ ಹೊತ್ತಿನಲ್ಲಿ ನಿಲ್ಲಿಸಿಕೊಂಡು, ನಿಲ್ಲಬಾರದು ಎಂದು ಹೇಳುವುದು ಹೇಗೆ ಎಂದು ಚರ್ಚೆ ಮಾಡಿದ್ದೆವು. ನಾನು ಸಿಡಿದೆ. ಸರ್ ಅಜ್ಜ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮಕ್ಕಳಿಗೇ ಕೊಟ್ಟರು. 'ಇದನ್ನೂ ಕನ್ನಡದಾಗ ಹೇಳ್ರಿ ನೋಡೋಣು.'

ಇಂಥ ಕ್ಲಾಸನ್ನು ಎಲ್ಲ ತಂದೆತಾಯಿಯರೂ ಮೆಚ್ಚುವುದು ಸಾಧ್ಯವೇ? ಮೂರನೆಯ ವರ್ಷಕ್ಕೆ ಅಸಮಾಧಾನ ಹೊಗೆಯಾಡಿತು. ಮಕ್ಕಳಿಗೆ ಒತ್ತಕ್ಷರ ಅರ್ಧಂಬರ್ಧ, ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅದಕ್ಕಿಂತ ದೊಡ್ಡ ನೋವು ಲಾಸ್ ಏಂಜಲಿಸ್‌ನದು. ಪ್ರತಿ ನವೆಂಬರಿನಲ್ಲಿ ಎರಡೂ ಊರಿನವರು ಸೇರಿ ರಾಜ್ಯೋತ್ಸವ ಮಾಡುತ್ತೇವೆ. ಅಲ್ಲಿನ ಪಸಡೀನಾ, ಕಲ್ವರ್ ಸಿಟಿ ಕಡೆಯ ಮಕ್ಕಳು ಜರಿ ಲಂಗದಲ್ಲಿ ಸಾಲಾಗಿ ನಿಂತು ಉಸಿರು ಬಿಡದೆ ಪುಟಗಟ್ಟಲೆ ಒಪ್ಪಿಸುತ್ತವೆ. ಅರ್ಥ ಕೇಳಿದರೆ ಕಣ್ಣು ಕಣ್ಣು ಬಿಡುತ್ತವೆ ಎನ್ನುವುದು ಬೇರೆ ಮಾತು. ನಮ್ಮ ಮಕ್ಕಳು ಸ್ಟೇಜ್ ಹತ್ತುವುದೇ ಇಲ್ಲ.

ಅಧ್ಯಕ್ಷರು ಸಭೆ ಕರೆದರು. 'ಸರ್, ನಿಮ್ಮ ಮೇಲೆ ನಂಗೆ ತುಂಬಾ ಗೌರವ ಇದೆ,' ಎಂದು ಶುರು ಮಾಡಿದಾಗಲೇ ನನಗೆ ಗೊತ್ತಾಯಿತು. 'ಆದ್ರೆ ಪೇರೆಂಟ್ಸ್ ಕೇಳ್ತಾರೆ. ಈ ಸಲ ಮಕ್ಕಳು ಎಲ್‌ಎ ಸ್ಟೇಜ್ ಮೇಲೆ ಏನಾದ್ರೂ ಮಾಡ್ಲೇಬೇಕು. ಇಲ್ಲಾಂದ್ರೆ ಜನವರಿಯಿಂದ ಮೇಡಂ ಕ್ಲಾಸ್ ತಗೋಳ್ಲಿ. ಸಿಲಬಸ್ ಪ್ರಕಾರ, ನೀಟಾಗಿ.'

ಮೇಡಂ ಎಂದರೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

ಸರ್ ಅಜ್ಜ ಡಾಲ್ಫಿನ್ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದರು. 'ಬಾಯಿಪಾಠ ಕೆಟ್ಟದ್ದು ಅನ್ನಂಗಿಲ್ಲ ನಾ. ನಾನೂ ಮಗ್ಗಿ ಬಾಯಿಪಾಠ ಮಾಡೇ ಇಲ್ಲಿತನಕಾ ಬಂದೀನಿ. ಆದರ ಬಾಯಿ ಅವರದು, ಮಾತು ಯಾರದು, ಇಷ್ಟ ನನ್ನ ಪ್ರಶ್ನಿ,' ಎಂದರು. ಆಮೇಲೆ, 'ಆತು, ಸ್ಟೇಜ್ ಹತ್ತತಾವ,' ಎಂದು ಎದ್ದರು. ಹೊರಗೆ ಬಂದಾಗ ಕಾರಿನ ಬಾಗಿಲು ಹಿಡಿದುಕೊಂಡು ಅವರು ನನಗೆ ಹೇಳಿದ ಮಾತು ನೆನಪಿದೆ. 'ಜೀವನದಾಗ ಒಂದ ಕ್ಲಾಸು ಸಿಕ್ಕದ್ರಿ ನನಗ. ಇದನ್ನ ಕಳಕೊಳ್ಳಲಿಕ್ಕೆ ಮನಸ್ಸಿಲ್ಲ.' ಅವರನ್ನು ಅಷ್ಟು ಸಣ್ಣದಾಗಿ ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಅಧ್ಯಕ್ಷರ ಮೇಲೆ ಕೆಟ್ಟ ಸಿಟ್ಟು ಬಂತು.

ಕಾರ್ಯಕ್ರಮ ಏನು ಎಂದು ಸರ್ ಅಜ್ಜ ಕೊನೆಯವರೆಗೂ ಹೇಳಲಿಲ್ಲ. ಕಲ್ವರ್ ಸಿಟಿಯ ಒಂದು ಶಾಲೆಯ ಆಡಿಟೋರಿಯಂ. ಲಾಸ್ ಏಂಜಲಿಸ್ ಮಕ್ಕಳು ಒಪ್ಪಿಸಿದರು, ಚಪ್ಪಾಳೆ ಬಿತ್ತು. ಆಮೇಲೆ ನಮ್ಮವು ಹತ್ತಿದವು. ಜರಿ ಇಲ್ಲ, ಸಾಲು ಕೂಡ ನೆಟ್ಟಗಿಲ್ಲ. ಸರ್ ಅಜ್ಜ ಮೈಕಿನಲ್ಲಿ ಎರಡೇ ಮಾತಾಡಿದರು. 'ಇವತ್ತು ಮಕ್ಕಳು ತಮ್ಮ ತಮ್ಮ ಮನಿಯವರನ್ನ ಪ್ರಶ್ನಿ ಕೇಳ್ತಾರ. ಪ್ರಶ್ನಿ ಏನು ಅಂತ ನನಗೂ ಗೊತ್ತಿಲ್ಲ. ಉತ್ತರ ಕನ್ನಡದಾಗ ಬರಲಿ, ಅವಸರಿಲ್ಲ.' ಡಬ್ಬಿ ತೆಗೆದು ಒಂದೊಂದು ಮಗುವಿನ ಕೈಗೂ ಒಂದೊಂದು ಏಲಕ್ಕಿ ಹಾಕಿ, ಪರದೆಯ ಮರೆಗೆ ಬಂದು ನನ್ನ ಪಕ್ಕ ನಿಂತರು.

ನಾಯಿಮರಿಯ ಹುಡುಗ ಮೊದಲು. 'ಅಮ್ಮಾ, ನೀವು ಆಫೀಸಲ್ಲಿ ಏನು ಕೆಲಸ ಮಾಡ್ತೀರಾ? ನಂಗೆ ಇವತ್ತಿನ ತನಕ ಗೊತ್ತಿಲ್ಲ.' ಏಲಕ್ಕಿ ಬಾಯಿಗೆ ಹಾಕಿಕೊಂಡು ನಿಂತ.

ಅವನ ತಾಯಿ ಮೈಕು ಹಿಡಿದು ಎದ್ದರು. 'ನಾನು... ಪ್ರಾಡಕ್ಟ್ ಮ್ಯಾನೇಜರ್. ಅಂದ್ರೆ, ಸ್ಟೇಕ್‌ಹೋಲ್ಡರ್ಸ್ ಜೊತೆ ಅಲೈನ್ ಮಾಡಿ, ರೋಡ್‌ಮ್ಯಾಪ್...' ಸಭೆ ನಗತೊಡಗಿತು. ಹುಡುಗ ನಗಲಿಲ್ಲ, ಕಾದ. ಆಕೆ ತಲೆ ಕೆರೆದುಕೊಂಡು, ಮೇಲೆ ನೋಡಿ, ಕೆಳಗೆ ನೋಡಿ, ಕೊನೆಗೆ ಹೇಳಿದರು: 'ಎಲ್ಲರ ಜಗಳ ಬಿಡಿಸ್ತೀನಿ ಕಣೋ.' ಚಪ್ಪಾಳೆ ನಿಲ್ಲಲಿಲ್ಲ. ನಾನೂ ಶಿಳ್ಳೆ ಹಾಕಿದೆ.

ಎರಡನೆಯವಳು ಇಶಾನಿ. ಕೆಂಪು ಹೇರ್‌ಬ್ಯಾಂಡಿನ ಕಾಲ ಮುಗಿದಿತ್ತು, ಹನ್ನೆರಡು ತುಂಬಿತ್ತು. ಮುಂದಿನ ಸಾಲಿನಲ್ಲಿ ರೇಷ್ಮೆ ಜುಬ್ಬಾದಲ್ಲಿ ಕೂತಿದ್ದ ಅಧ್ಯಕ್ಷರನ್ನು ನೋಡಿದಳು.

'ಅಪ್ಪಾ, ನೀವು ಸಿಟ್ಟು ಬಂದಾಗ ಮಾತ್ರ ನನ್ನ ಜೊತೆ ಕನ್ನಡ ಮಾತಾಡ್ತೀರಾ. ಯಾಕೆ?'

ಏಲಕ್ಕಿ ಬಾಯಿಗೆ ಹಾಕಿಕೊಂಡಳು.

ಸಭೆ ಮೊದಲು ನಕ್ಕಿತು. ಆಮೇಲೆ, ಅವಳು ತಮಾಷೆಗೆ ಕೇಳಿಲ್ಲ ಎಂದು ತಿಳಿದು ನಗು ಅಲ್ಲಲ್ಲೇ ನಿಂತಿತು. ಅಧ್ಯಕ್ಷರು ಮೈಕು ತೆಗೆದುಕೊಂಡರು. 'ಗುಡ್ ಕ್ವೆಶ್ಚನ್...' ಅಂದು ನಿಂತರು. ಕನ್ನಡದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಮಗಳು ಕಾದಳು. ಸಭೆ ಕಾದಿತು.

ಪರದೆಯ ಮರೆಯಿಂದ ನಾನು ಒಂದು ಹೆಜ್ಜೆ ಮುಂದಿಟ್ಟೆ. ಹೋಗಿ ಏನಾದರೂ ಹೇಳಿ ಆ ಮನುಷ್ಯನನ್ನು ಬಿಡಿಸಬೇಕು ಅನ್ನಿಸಿತು. ವಾರಗಟ್ಟಲೆ ಅವರನ್ನು ಬೈದುಕೊಂಡವಳು ನಾನೇ. ಪಕ್ಕಕ್ಕೆ ತಿರುಗಿದರೆ ಸರ್ ಅಜ್ಜನ ಸ್ಥಿತಿ ನನಗಿಂತ ಕಡೆ. ತಡೆಯಲಾರದೆ ಡಬ್ಬಿ ತೆಗೆದರು, ಖಾಲಿ. ಇದ್ದದ್ದನ್ನೆಲ್ಲ ಮಕ್ಕಳಿಗೆ ಕೊಟ್ಟಾಗಿತ್ತು. ಬಾಯಿ ತೆರೆದರು. ಇನ್ನೇನು ಮಾತಾಡಿಯೇಬಿಡುತ್ತಾರೆ ಅಂದುಕೊಂಡೆ. ಮಂಕಿ ಕ್ಯಾಪನ್ನು ತಲೆಯಿಂದ ಕಿತ್ತು ಬಾಯಿಗೆ ಒತ್ತಿಕೊಂಡರು.

'ನಿಂಗೆ ಅರ್ಥ ಆಗಲ್ಲ ಅನ್ಕೊಂಡಿದ್ದೆ,' ಎಂದರು ಅಧ್ಯಕ್ಷರು. ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. 'ಅದಕ್ಕೆ ಇಂಗ್ಲಿಷಲ್ಲಿ... ಸಿಟ್ಟು ಬಂದಾಗ ಯೋಚನೆ ಮಾಡಕ್ಕಾಗಲ್ಲ ಪುಟ್ಟಿ. ಕನ್ನಡ ತಾನಾಗೇ ಬಂದ್ಬಿಡತ್ತೆ.'

ಇಶಾನಿ ಇನ್ನೂ ಕಾಯುತ್ತಿದ್ದಳು. ಅವರು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಅಷ್ಟು ಜನರ ಮುಂದೆ, ಮಗಳಿಗೆ ಸಿಟ್ಟಿಲ್ಲದೆ ಹೇಳಬಹುದಾದ ಒಂದು ಕನ್ನಡದ ಮಾತನ್ನು ಹುಡುಕುತ್ತಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು.

'ಊಟ ಆಯ್ತಾ ಮಗಳೇ?'

ಇಶಾನಿ ಏಲಕ್ಕಿಯನ್ನು ದವಡೆಗೆ ಸರಿಸಿದಳು. 'ಇನ್ನೂ ಇಲ್ಲ ಅಪ್ಪಾ. ನಿಮ್ಮದು?'

ಚಪ್ಪಾಳೆ ಬಿತ್ತು. ಬಹಳ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಾನೂ. ಊಟದ ಹೊತ್ತಿಗೆ ಅಧ್ಯಕ್ಷರು ಮಗಳ ಪಕ್ಕ ಕೂತು ಬಿಸಿಬೇಳೆಬಾತ್ ತಿನ್ನುತ್ತ, ಅವಳ ತಟ್ಟೆಯ ಹಪ್ಪಳ ಮುರಿದುಕೊಳ್ಳುತ್ತಿದ್ದರು. ಜನವರಿಯ ಬಗ್ಗೆ, ಸಿಲಬಸ್ ಬಗ್ಗೆ ಯಾರೂ ಮತ್ತೆ ಚಕಾರವೆತ್ತಲಿಲ್ಲ.

ವಾಪಸು ಬರುವಾಗ ಸರ್ ಅಜ್ಜನ ಮಗಳು ಡ್ರೈವ್ ಮಾಡುತ್ತಿದ್ದಳು, ನಾನು ಹಿಂದೆ. 'ನೀವು ಗೆದ್ರಿ ಸರ್,' ಎಂದೆ.

'ಗೆದ್ದದ್ದು ಏನಿಲ್ರಿ. ಆ ಪ್ರಶ್ನಿ ನನಗ ಮೊದಲ ಗೊತ್ತಿದ್ದರ ಬ್ಯಾ‌ಡವ್ವಾ ಅಂತಿದ್ದೆ. ಅದಕ್ಕ ಅಕಿ ನನಗ ಹೇಳಿಲ್ಲ.'

'ಮಂದಿ ಮಕ್ಕಳಿಗೆ ಯಾಲಕ್ಕಿ,' ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ, ನಗುತ್ತ. 'ನನಗ ಹದಿಮೂರರ ಮಗ್ಗಿ ತಪ್ಪಿದರ ಕಿವಿ ಹಿಂಡ್ತಿದ್ರಿ. ಎಣಿಸಲಿಕ್ಕೂ ಬಿಡ್ತಿದ್ದಿಲ್ಲ.'

ತತ್ವಶಾಸ್ತ್ರದ ಮೇಷ್ಟ್ರು ಖಾಲಿ ಡಬ್ಬಿಯನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಬಹಳ ದೂರ ಬಂದ ಮೇಲೆ, ಎಡಗಡೆ ಬೆಟ್ಟ ಬಲಗಡೆ ಕತ್ತಲ ಸಮುದ್ರ ಬಂದಾಗ, 'ಹದಿಮೂರ ಏಳಲೆ?' ಎಂದು ಮೆಲ್ಲಗೆ ಕೇಳಿದರು. ಮಗಳು ಉತ್ತರ ಹೇಳಲು ಬೇಕೆಂದೇ ತುಂಬ ಹೊತ್ತು ತೆಗೆದುಕೊಂಡಳು. ಅವರು ಕಾದರು.

ಮರುವರ್ಷ ಮೊಣಕಾಲು ಕೈಕೊಟ್ಟಿತು, ಊರಿನ ಬಿಸಿಲು ಬೇಕು ಎಂದು ಧಾರವಾಡಕ್ಕೆ ಹೊರಟರು. ಕ್ಲಾಸು ಕೊನೆಗೂ ನನ್ನ ಕೊರಳಿಗೇ ಬಿತ್ತು. ಡಬ್ಬಿಯನ್ನು ನನ್ನ ಕೈಗಿಟ್ಟು, 'ಅಗೀಬ್ಯಾಡ್ರಿ,' ಅಂದರು. ಅಷ್ಟು ದಿನ ಕದ್ದು ಅಗಿದದ್ದು ಅವರಿಗೆ ಗೊತ್ತಿತ್ತು. ಆಮೇಲೂ ಪ್ರತಿ ಭಾನುವಾರ ಅವರ ಧ್ವನಿ ಸಂದೇಶ ಬರುತ್ತಿತ್ತು, ಮಕ್ಕಳಿಗೆ ಒಂದು ಪ್ರಶ್ನೆ. ಅದರ ಕೊನೆಯಲ್ಲಿ ತಪ್ಪದೆ, 'ಊಟ ಆತೇನು?' ನಾನು ಅಗಿಯುತ್ತಲೇ ಇದ್ದೆ.

ಸುದ್ದಿ ಬಂದ ವಾರದ ಭಾನುವಾರ ಲೈಬ್ರರಿಯ ಕೋಣೆಯಲ್ಲಿ ಮಕ್ಕಳಿಗೆ ಹೇಳಿದೆ. ದೊಡ್ಡ ಮಕ್ಕಳಿಗೆಲ್ಲ ಮನೆಯಲ್ಲೇ ಗೊತ್ತಾಗಿತ್ತು. ಇಶಾನಿಗೆ ಈಗ ಹೈಸ್ಕೂಲು, ಸಣ್ಣವರಿಗೆ ಕಲಿಸಲು ನನ್ನ ಜೊತೆ ಬರುತ್ತಾಳೆ. ಸರ್ ಅಜ್ಜನನ್ನು ನೋಡಿಯೇ ಇಲ್ಲದ ಹೊಸ ಮಕ್ಕಳೂ ಇದ್ದವು. 'ಯಾರಿಗಾದರೂ ಏನಾದರೂ ಹೇಳಬೇಕು ಅನ್ನಿಸಿದರೆ ಹೇಳಿ,' ಎಂದು ಏಲಕ್ಕಿ ಬಾಯಿಗೆ ಹಾಕಿಕೊಂಡೆ. ಎದೆಯಲ್ಲಿ ನೂರು ಮಾತು ಒತ್ತುತ್ತಿದ್ದವು. ಅವರ ಜಾಕೆಟ್ಟು, ಅವರ ನಗು, ಪಾರ್ಕಿಂಗ್ ಕಂಬ. ಹೇಳಿಬಿಟ್ಟರೆ ಹಗುರಾಗುತ್ತಿತ್ತು. ಹಲ್ಲುಗಳ ನಡುವೆ ಏಲಕ್ಕಿ ಇತ್ತು, ಅಗಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಇಶಾನಿ ನೆಲ ನೋಡುತ್ತ ಕೇಳಿದಳು. 'ನನಗೆ ಮಾತು ಬರೋ ತನಕ ಅವರು ಕಾಯ್ತಾ ಇದ್ರು. ಈಗ ಯಾರು ಕಾಯ್ತಾರೆ?'

'ನಾನು ಕಾಯ್ತೀನಿ' ಎನ್ನಬೇಕು ಅನ್ನಿಸಿತು. ಎನ್ನುವಂತಿರಲಿಲ್ಲ.

ಅದರ ಹಿಂದಿನ ತಿಂಗಳಷ್ಟೇ ಸೇರಿದ್ದ ಆರು ವರ್ಷದ ಹುಡುಗಿ, ಅಲ್ಲಿಯವರೆಗೆ ಕನ್ನಡದಲ್ಲಿ ಒಂದು ಮಾತೂ ಆಡದವಳು, ನನ್ನ ಉಬ್ಬಿದ ಕೆನ್ನೆಯ ಕಡೆ ಬೆರಳು ಮಾಡಿದಳು.

'ಆಂಟಿ ಕಾಯ್ತಾ ಇದ್ದಾರಲ್ಲ.'